ವಾಹನ ಪ್ರಶ್ನೋತ್ತರ: ಟೈಮಿಂಗ್ ಬೆಲ್ಟ್, ವೈರಿಂಗ್ ರಿಪೇರಿ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕವನ್ನು ತೋಡಿಕೊಂಡಿವೆ: ರಿಪೇರಿ ಆಗಿದೆ ಎಂದು ಹೇಳಿ ಕೈಗೆ ಕೊಟ್ಟ ಎಂಜಿನ್ನಿನಲ್ಲಿ ನಿಜವಾಗಿ ಏನು ಆಗಿದೆ, ಏನು ಆಗಿಲ್ಲ ಎಂಬುದನ್ನು ವಾಹನದ ಮಾಲೀಕರು ಹೇಗೆ ತಿಳಿದುಕೊಳ್ಳಬೇಕು? ಒಂದೇ ವಿಷಯದ ಸುತ್ತ ಇರುವ ಆರು ಪ್ರಶ್ನೆಗಳನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: 2014ರ ಮಾಡೆಲ್‌ನ 1.5 ಲೀಟರ್ ಡೀಸೆಲ್ ಡಸ್ಟರ್ ಕಾರನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದೇನೆ. ಮೀಟರ್ 1,12,000 ಕಿ.ಮೀ. ತೋರಿಸುತ್ತಿದೆ. ಬೆಲ್ಟ್ ಹೊಸದು, ವೈರಿಂಗ್ ಕೆಲಸವನ್ನೂ ಮಾಡಿಸಿದ್ದೇವೆ ಎಂದು ಮಾರುವವರು ಹೇಳುತ್ತಿದ್ದಾರೆ. ಅವರು ತೋರಿಸಿದ ಕೈಬರಹದ ಬಿಲ್ಲಿನಲ್ಲಿ ‘ಬೆಲ್ಟ್ ಬದಲಾವಣೆ ಮತ್ತು ಲೇಬರ್’ ಎಂದಷ್ಟೇ ಇದೆ. ಹಣ ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ಆ ಬಿಲ್ಲನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಗ್ಯಾರೇಜಿನಲ್ಲಿ ಬೆಲ್ಟ್ ಎಂದರೆ ಎರಡು ಬೇರೆ ಬೇರೆ ವಸ್ತುಗಳು. ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರನ್ನು ತಿರುಗಿಸುವ, ಈಗಲೂ ಎಲ್ಲರೂ ಫ್ಯಾನ್ ಬೆಲ್ಟ್ ಎಂದೇ ಕರೆಯುವ ಹೊರಗಿನ ಬೆಲ್ಟ್ ಒಂದು. ಪ್ಲಾಸ್ಟಿಕ್ ಕವರಿನ ಒಳಗೆ ಕೂತು, ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್‌ಗಳನ್ನು ಜೋಡಿಸುವ ಹಲ್ಲಿನ ಬೆಲ್ಟ್, ಅಂದರೆ ಟೈಮಿಂಗ್ ಬೆಲ್ಟ್, ಇನ್ನೊಂದು. ಮೊದಲನೆಯದು ಹರಿದರೆ ಚಾರ್ಜಿಂಗ್ ನಿಲ್ಲುತ್ತದೆ, ಎಸಿ ನಿಲ್ಲುತ್ತದೆ, ಗಾಡಿಯನ್ನು ಬದಿಗೆ ನಿಲ್ಲಿಸಬಹುದು. ಎರಡನೆಯದು ಓಡುತ್ತಿರುವಾಗ ಹರಿದರೆ ನಿಮ್ಮ ಡಸ್ಟರಿನ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ತೆರೆದುಕೊಂಡಿರುವ ವಾಲ್ವ್‌ಗಳಿಗೆ ಬಡಿದು, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವ ಕೆಲಸ ಬರುತ್ತದೆ. ಈ ಎಂಜಿನ್ನಿನಲ್ಲಿ ಡೀಸೆಲ್‌ನ ಹೈ ಪ್ರೆಷರ್ ಪಂಪ್ ಮತ್ತು ವಾಟರ್ ಪಂಪ್ ಎರಡನ್ನೂ ಅದೇ ಟೈಮಿಂಗ್ ಬೆಲ್ಟ್ ತಿರುಗಿಸುವುದರಿಂದ ಅದರ ಮೇಲಿನ ಹೊರೆ ಸಣ್ಣದಲ್ಲ. ಬಿಲ್ಲಿನಲ್ಲಿ ಯಾವ ಬೆಲ್ಟ್ ಎಂದು ಬರೆದಿಲ್ಲವೆಂದರೆ ಫ್ಯಾನ್ ಬೆಲ್ಟ್ ಮಾತ್ರ ಬದಲಾಗಿದೆ ಎಂದು ಭಾವಿಸಿಕೊಂಡು ಮುಂದುವರಿಯುವುದೇ ಸುರಕ್ಷಿತ.

ನಂಬಬಹುದಾದ ಬಿಲ್ಲಿನಲ್ಲಿ ಗಾಡಿಯ ನೋಂದಣಿ ಸಂಖ್ಯೆ, ಆ ದಿನದ ಕಿಲೋಮೀಟರ್, ಬೆಲ್ಟ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ರಾಟೆ), ಇದ್ದಲ್ಲಿ ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ರಾಟೆ), ವಾಟರ್ ಪಂಪ್ ಇವುಗಳ ಪ್ರತ್ಯೇಕ ಪಾರ್ಟ್ ನಂಬರ್, ಅದರ ಜೊತೆಗೆ ಹೊಸ ಕೂಲಂಟ್‌ನ ಹಣವೂ ಇರುತ್ತದೆ. ವಾಟರ್ ಪಂಪ್ ಬದಲಾಯಿಸಿದವರು ಕೂಲಂಟ್ ಹೊರಗೆ ಬಿಡಲೇಬೇಕು. ಪಂಪ್ ಬದಲಾಗಿದೆ ಎಂದು ಬರೆದು ಕೂಲಂಟ್ ಲೆಕ್ಕವೇ ಇಲ್ಲದಿದ್ದರೆ ಕಾರಣ ಕೇಳಿ. ಹಳೆಯ ಬೆಲ್ಟನ್ನು ಡಿಕ್ಕಿಯಲ್ಲಿ ಇಟ್ಟು ಕೊಡುವ ಒಳ್ಳೆಯ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿದೆ, ಅದನ್ನೂ ವಿಚಾರಿಸಿ.

ಆಮೇಲೆ ಮಾರುವವರ ಒಪ್ಪಿಗೆ ಪಡೆದು, ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಮೇಲಿನ ಟೈಮಿಂಗ್ ಕವರನ್ನು ಬಿಚ್ಚಿಸಿ. ಎಂಜಿನ್ ಪೂರ್ತಿ ತಣ್ಣಗಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿರಲಿ. ಇದಕ್ಕೆ ಒಪ್ಪದ ಮಾರಾಟಗಾರರ ಗಾಡಿಯನ್ನು ನಾನಾದರೆ ಕೊಳ್ಳುವುದಿಲ್ಲ. ಒಳಗೆ ಮೊದಲು ಬೆಲ್ಟಿನ ಬೆನ್ನಿನ ಮೇಲಿರುವ ಅಕ್ಷರಗಳನ್ನು ನೋಡಿ. ತಯಾರಕರ ಹೆಸರು, ಪಾರ್ಟ್ ನಂಬರ್, ಹಲವು ಬೆಲ್ಟುಗಳಲ್ಲಿ ತಯಾರಿಕೆಯ ಅವಧಿಯ ಸಂಕೇತವೂ ಅಲ್ಲಿ ಅಚ್ಚಾಗಿರುತ್ತದೆ. ಬೆನ್ನಿನ ಭಾಗ ರಾಟೆಗಳಿಗೆ ಉಜ್ಜುತ್ತಾ ಓಡುವುದರಿಂದ ಕಾಲ ಕಳೆದಂತೆ ಈ ಅಕ್ಷರಗಳು ಮಾಸುತ್ತವೆ. ಕಳೆದ ತಿಂಗಳು ಹಾಕಿದ್ದು ಎನ್ನುವ ಬೆಲ್ಟಿನ ಬೆನ್ನು ನುಣುಪಾಗಿ ಹೊಳೆಯುತ್ತಾ ಒಂದಕ್ಷರವೂ ಓದಲು ಬಾರದಿದ್ದರೆ ಆ ಮಾತನ್ನು ಒಪ್ಪಲಾಗದು. ಅಂಚಿನಲ್ಲಿ ನೂಲು ಎದ್ದಿದ್ದರೆ ಯಾವುದೋ ಪುಲ್ಲಿ ಅಥವಾ ಟೆನ್ಷನರ್ ಓರೆಯಾಗಿ ಕೂತಿದೆ. ಕವರಿನ ಒಳಗೆ ಕಪ್ಪು ರಬ್ಬರ್ ಪುಡಿ ಕಂಡರೆ ಬೆಲ್ಟ್ ಎಲ್ಲೋ ಉಜ್ಜಿಕೊಳ್ಳುತ್ತಿದೆ. ಬಿರುಕು, ಹಲ್ಲಿನ ಬುಡದ ಸೀಳು ಕಂಡರೆ ಮಾತೇ ಬೇಡ. ಆದರೆ ಬಿರುಕು ಕಾಣದಿದ್ದರೆ ಬೆಲ್ಟ್ ಚೆನ್ನಾಗಿದೆ ಎಂದು ಅರ್ಥವಲ್ಲ. ಈಗಿನ ಬೆಲ್ಟುಗಳ ರಬ್ಬರ್ ಹಿಂದಿನಂತೆ ಬೇಗ ಬಿರಿಯುವುದಿಲ್ಲ, ಒಳಗಿನ ಗಾಜಿನ ನಾರಿನ ಎಳೆಗಳು ದಣಿದಿರುವುದು ಹೊರಗಿನಿಂದ ಕಣ್ಣಿಗೆ ಬೀಳುವುದೂ ಇಲ್ಲ. ಪರೀಕ್ಷಿಸುವ ನೆಪದಲ್ಲಿ ಬೆಲ್ಟನ್ನು ಮಡಚುವುದು, ಒಳಗನ್ನು ಹೊರಗೆ ತಿರುಚುವುದು ಆ ಎಳೆಗಳನ್ನೇ ಮುರಿಯುತ್ತದೆ.

ಬೆಲ್ಟ್ ಹೊಸದಾಗಿದ್ದರೂ ಸುತ್ತಲಿನದು ಹಳೆಯದಾಗಿರುವುದೇ ನಾನು ಹೆಚ್ಚಾಗಿ ಕಾಣುವ ಅರೆಬರೆ ಕೆಲಸ. ಹಣ ಉಳಿಸಲು ಬೆಲ್ಟ್ ಮಾತ್ರ ಹಾಕಿ ಟೆನ್ಷನರ್ ಬೇರಿಂಗ್, ವಾಟರ್ ಪಂಪ್ ಹಾಗೆಯೇ ಬಿಡುತ್ತಾರೆ. ಬೇರಿಂಗ್ ತಿರುಗದೆ ಹಿಡಿದುಕೊಂಡ ದಿನ ಹೊಸ ಬೆಲ್ಟಿಗೂ ಹಳೆಯ ಬೆಲ್ಟಿಗೂ ವ್ಯತ್ಯಾಸವಿರುವುದಿಲ್ಲ. ಟೆನ್ಷನರಿನ ಸೂಚಕ ಮುಳ್ಳು ಗುರುತಿಗೆ ಎದುರಾಗಿ ನಿಂತಿದೆಯೇ, ವಾಟರ್ ಪಂಪಿನ ಸೋರುರಂಧ್ರದ ಕೆಳಗೆ ಒಣಗಿದ ಕೂಲಂಟ್‌ನ ಬಣ್ಣದ ಕಲೆಯಿದೆಯೇ, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲುಗಳ ಸುತ್ತ ಒದ್ದೆಯಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಎಣ್ಣೆ ತಗುಲಿದ ಬೆಲ್ಟ್ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ಒರೆಸಿ ಮತ್ತೆ ಬಳಸುವಂತಿಲ್ಲ.

ಪುಲ್ಲಿ ಮತ್ತು ಬೆಲ್ಟಿನ ಮೇಲೆ ಬಿಳಿ ಬಣ್ಣದ ಕೈಗುರುತುಗಳಿದ್ದರೆ ಗಮನಿಸಿ. ಹಳೆಯ ಬೆಲ್ಟ್ ಕೂತಿದ್ದ ಸ್ಥಾನವನ್ನು ಗುರುತು ಮಾಡಿಕೊಂಡು ಹೊಸದನ್ನು ಅದೇ ಸ್ಥಾನದಲ್ಲಿ ಕೂರಿಸಿದ್ದಾರೆ ಎಂದು ಅದರ ಅರ್ಥ. ಕ್ಯಾಮ್ ಮತ್ತು ಕ್ರ್ಯಾಂಕ್ ಹಿಡಿದಿಡುವ ಲಾಕಿಂಗ್ ಪಿನ್ ಇಲ್ಲದವರು ಹೀಗೆ ಮಾಡುತ್ತಾರೆ. ಹಳೆಯದು ಸರಿಯಾಗಿ ಕೂತಿದ್ದರೆ ಹೊಸದೂ ಸರಿ, ಹಳೆಯದು ಒಂದು ಹಲ್ಲು ತಪ್ಪಿದ್ದರೆ ಆ ತಪ್ಪೂ ಹಾಗೆಯೇ ಮುಂದುವರಿಯುತ್ತದೆ. ಒಂದು ಹಲ್ಲು ಎಂದರೆ ಅಲ್ಪವೆನಿಸಬಹುದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ಯಾಮ್ ಪುಲ್ಲಿಯಲ್ಲಿ 48 ಹಲ್ಲುಗಳಿವೆ ಎಂದು ಇಟ್ಟುಕೊಂಡರೆ ಒಂದು ಹಲ್ಲಿನ ತಪ್ಪು ಕ್ಯಾಮ್‌ನಲ್ಲಿ ಏಳೂವರೆ ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 15 ಡಿಗ್ರಿ ಆಗುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡಿಯೂ ಓಡುತ್ತದೆ, ಆದರೆ ಬೆಳಿಗ್ಗೆ ಸೆಲ್ಫ್ ಹೆಚ್ಚು ಹೊತ್ತು ಹೊಡೆಯಬೇಕಾಗುತ್ತದೆ, ಏರಿನಲ್ಲಿ ಪಿಕಪ್ ಇರುವುದಿಲ್ಲ, ಹೊಗೆ ಹೆಚ್ಚುತ್ತದೆ. ಸಂದೇಹವಿದ್ದರೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ಣ ಸುತ್ತು ಕೈಯಿಂದ ತಿರುಗಿಸಿ, ಪಿನ್ ಹಾಕಿ ಕಂಪನಿಯ ಗುರುತುಗಳು ಮತ್ತೆ ಎದುರುಬದುರಾಗುತ್ತವೆಯೇ ಎಂದು ನೋಡಬೇಕು. ಕ್ಯಾಮ್ ಬೋಲ್ಟಿನಿಂದ ಎಂದೂ ತಿರುಗಿಸಬಾರದು. ಸುತ್ತುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು.

ಕವರಿನ ಬೋಲ್ಟುಗಳನ್ನು ಎಣಿಸಲು ಮರೆಯಬೇಡಿ. ಒಂದು ಕಾಣೆಯಾಗಿದ್ದರೆ ಅದು ಎಲ್ಲಿ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಬೇಕು, ಏಕೆಂದರೆ ಕವರಿನ ಒಳಗೇ ಬಿದ್ದ ಸಣ್ಣ ಬೋಲ್ಟ್ ಒಂದು ದಿನ ಹಲ್ಲಿಗೂ ಪುಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬೆಲ್ಟ್ ಕೆಲಸಕ್ಕೆ ಆ ಬದಿಯ ಎಂಜಿನ್ ಮೌಂಟಿಂಗ್ ಬಿಚ್ಚಿ ಎಂಜಿನ್ನಿಗೆ ಕೆಳಗಿನಿಂದ ಜಾಕ್ ಕೊಡಬೇಕಾಗುತ್ತದೆ. ಮೌಂಟಿಂಗ್ ಬೋಲ್ಟುಗಳ ತಲೆಯಲ್ಲಿ ಸ್ಪ್ಯಾನರ್ ಗುರುತೇ ಇಲ್ಲದೆ ಹಳೆಯ ಧೂಳು ಒಂದೇ ಪದರವಾಗಿ ಕೂತಿದ್ದರೆ, ಬೆಲ್ಟ್ ಕೆಲಸವೇ ಆಗಿಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವೈರಿಂಗ್ ಕೆಲಸ ಮಾಡಿಸಿದ್ದೇವೆ ಎಂದರಲ್ಲ, ಏಕೆ ಮಾಡಿಸಬೇಕಾಯಿತು ಎಂದು ಕೇಳಿ. ಎಂಜಿನ್ನನ್ನು ಕೆಳಗಿಳಿಸುವಾಗ ವೈರ್‌ಗಳನ್ನು ಜೋಡಿಸುವ ಕಪ್ಲರ್ ಕಳಚದೆ ಬಿಟ್ಟು ವೈರ್ ಎಳೆದುಹೋಗುವುದು, ಮತ್ತೆ ಜೋಡಿಸುವಾಗ ಕ್ಲಿಪ್ ಮುರಿದು ವೈರ್‌ಗಳು ಜೋತುಬಿದ್ದು ಪುಲ್ಲಿಗೆ ಅಥವಾ ಬಿಸಿ ಪೈಪಿಗೆ ತಾಗುವುದು ಈ ಕೆಲಸದ ಜೊತೆಗೇ ಹುಟ್ಟುವ ದೋಷಗಳು. ಟೈಮಿಂಗ್ ಬದಿಯಲ್ಲಿ ಹಾದುಹೋಗುವ ವೈರ್‌ಗಳು ತಮ್ಮ ಕ್ಲಿಪ್‌ಗಳಲ್ಲೇ ಕೂತಿವೆಯೇ, ಕಪ್ಲರುಗಳ ಲಾಕ್ ಮುರಿಯದೆ ಉಳಿದಿದೆಯೇ ಎಂದು ನೋಡಿ. ವೈರಿಂಗ್ ಜೋಡಣೆಯ ವಿವರವನ್ನು ಕೆಳಗೆ ತೀರ್ಥಹಳ್ಳಿಯ ಓದುಗರಿಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೇನೆ.

ಇಷ್ಟು ನೋಡಿದ ಮೇಲೂ ಬೆಲ್ಟಿನ ವಯಸ್ಸು ಖಚಿತವಾಗದಿದ್ದರೆ ಅದನ್ನು ಹಳೆಯದೆಂದೇ ಲೆಕ್ಕ ಹಾಕಿ, ಪೂರ್ತಿ ಕಿಟ್ ಮತ್ತು ವಾಟರ್ ಪಂಪಿನ ವೆಚ್ಚವನ್ನು ಗಾಡಿಯ ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು, ಕೊಂಡ ವಾರದಲ್ಲೇ ಬದಲಾಯಿಸಿಬಿಡಿ. ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆಗೆ ವರ್ಷದ ಮಿತಿಯೂ ಇದ್ದರೆ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕಡಿಮೆ ಓಡಿದ ಗಾಡಿಯ ಬೆಲ್ಟಿಗೂ ವಯಸ್ಸಾಗುತ್ತದೆ.

ಪ್ರಶ್ನೆ: ನನ್ನ ಬಳಿ ಸ್ವಿಫ್ಟ್ ಇದೆ. ಟೈಮಿಂಗ್ ಬೆಲ್ಟ್ ಬದಲಾಯಿಸುವ ಸಮಯವಾಯಿತು ಎಂದು ಒಬ್ಬರು ಹೇಳಿದರು, ಇದರಲ್ಲಿ ಬೆಲ್ಟೇ ಇಲ್ಲ ಎಂದು ಇನ್ನೊಬ್ಬರು ಹೇಳಿದರು. ಯಾವುದು ಸರಿ?
– ಓದುಗರು, ತುಮಕೂರು

ಉತ್ತರ: ನಿಮ್ಮದು ಯಾವ ಎಂಜಿನ್ ಎಂಬುದರ ಮೇಲೆ ಇಬ್ಬರಲ್ಲಿ ಯಾರಾದರೂ ಸರಿಯಿರಬಹುದು. ಆರಂಭದ ವರ್ಷಗಳ 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಬೆಲ್ಟ್ ಇತ್ತು. 2010ರಲ್ಲಿ ಬಂದ 1.2 ಲೀಟರ್ ಕೆ ಸರಣಿಯ ಪೆಟ್ರೋಲ್ ಎಂಜಿನ್ನಿನಲ್ಲಿ ಚೈನ್ ಇದೆ, 1.3 ಲೀಟರ್ ಡೀಸೆಲ್‌ನಲ್ಲಿಯೂ ಚೈನ್ ಇದೆ. ಚೈನ್ ಇರುವ ಎಂಜಿನ್ನಿಗೆ ನಿಗದಿತ ಬದಲಾವಣೆಯ ಅವಧಿ ಇಲ್ಲವಾದರೂ ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಚೈನ್ ಸಡಿಲಗೊಂಡು, ತಣ್ಣನೆಯ ಸ್ಟಾರ್ಟಿನಲ್ಲಿ ಕೆಲವು ಕ್ಷಣ ಗಲಗಲ ಸದ್ದು ಮಾಡುತ್ತದೆ. ಆ ಸದ್ದನ್ನು ಅಲಕ್ಷಿಸಬೇಡಿ. ಇಲ್ಲದ ಬೆಲ್ಟಿಗೆ ಬಿಲ್ ಬರೆದು ಕೊಡುವವರಿದ್ದರೆ ಪಾರ್ಟ್ ನಂಬರ್ ಕೇಳಿ.

ಪ್ರಶ್ನೆ: ನಮ್ಮ ಮನೆ ಅಡಿಕೆ ತೋಟದ ನಡುವೆ ಇದೆ. ಮಳೆಗಾಲದಲ್ಲಿ ಇಲಿಗಳು ಕಾರಿನ ಎಂಜಿನ್ ವೈರುಗಳನ್ನು ಕಡಿದವು. ಪಟ್ಟಣದಲ್ಲಿ ರಿಪೇರಿ ಮಾಡಿಸಿ ತಂದ ಮೇಲೆ ಎರಡು ವಾರ ಸರಿಯಿತ್ತು. ಈಗ ಮಳೆ ಬಂದ ದಿನ ಎಂಜಿನ್ ಲ್ಯಾಂಪ್ ಉರಿಯುತ್ತದೆ, ಬಿಸಿಲಿಗೆ ಆರುತ್ತದೆ, ಹೆಡ್‌ಲೈಟ್ ಕೂಡ ಮಂಕಾಗಿದೆ. ಸ್ಕ್ಯಾನರಿನಲ್ಲಿ ನಾಲ್ಕೈದು ಸೆನ್ಸರುಗಳು ಹಾಳಾಗಿವೆ ಎಂದು ಬರುತ್ತಿದೆ. ಎಲ್ಲವನ್ನೂ ಬದಲಾಯಿಸಬೇಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಒಂದೇ ದಿನ ನಾಲ್ಕೈದು ಸೆನ್ಸರುಗಳು ಕೆಡುವುದು ಬಹಳ ಅಪರೂಪ. ಹೆಚ್ಚಿನ ಸೆನ್ಸರುಗಳಿಗೆ ಎಂಜಿನ್ ಕಂಪ್ಯೂಟರಿನಿಂದ 5 ವೋಲ್ಟ್ ಪೂರೈಕೆ ಹಂಚಿಕೆಯಾಗಿ ಹೋಗುತ್ತದೆ. ಆ ಗುಂಪಿನ ಒಂದೇ ಒಂದು ವೈರ್ ಸುಲಿದು ಗಾಡಿಯ ಲೋಹಕ್ಕೆ ತಾಗಿ ಅರ್ತ್ ಆದರೂ ಇಡೀ ಗುಂಪಿನ ವೋಲ್ಟೇಜ್ ಬಿದ್ದುಹೋಗಿ, ಚೆನ್ನಾಗಿರುವ ಸೆನ್ಸರುಗಳೂ ಕೆಟ್ಟಂತೆ ತೋರುತ್ತವೆ. ಮಳೆಗೆ ಬಂದು ಬಿಸಿಲಿಗೆ ಹೋಗುವ ದೋಷವೆಂದರೆ ಜೋಡಣೆಯೊಂದರ ಒಳಗೆ ನೀರು ಸೇರುತ್ತಿದೆ. ಆದ್ದರಿಂದ ಯಾವ ಸೆನ್ಸರನ್ನೂ ಕೊಳ್ಳುವ ಮೊದಲು, ರಿಪೇರಿಯಾದ ಜಾಗದ ಟೇಪನ್ನು ಬಿಚ್ಚಿಸಿ ನೋಡಿ.

ಒಳಗೆ ಎರಡು ವೈರುಗಳ ತುದಿಯನ್ನು ಬೆರಳಿನಿಂದ ಹೊಸೆದು ಸಾಮಾನ್ಯ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆಂದರೆ ಅಲ್ಲಿಯೇ ಕಾರಣವಿದೆ ಎಂದು ತಿಳಿಯಿರಿ. ಮನೆಯ ಸ್ವಿಚ್ ಬೋರ್ಡಿನಲ್ಲಿ ಬಾಳುವ ಆ ಟೇಪ್ ಎಂಜಿನ್ನಿನ ಶಾಖಕ್ಕೆ ಗೋಂದು ಕರಗಿ ಜಾರುತ್ತದೆ, ನೀರು ಒಳಗೆ ಇಳಿಯುತ್ತದೆ, ತಾಮ್ರ ಹಸಿರು ಹಿಡಿಯುತ್ತದೆ. ಸರಿಯಾದ ಕ್ರಮವೆಂದರೆ ಅದೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ವಾಹನ ವೈರ್ ಬಳಸಿ, ಅಳತೆಗೆ ತಕ್ಕ ಸ್ಲೀವಿನಲ್ಲಿ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ ಬಿಸಿ ಮಾಡುವುದು. ಹಲವು ವೈರುಗಳು ಒಟ್ಟಿಗೆ ತುಂಡಾಗಿದ್ದರೆ ಎಲ್ಲ ಜೋಡಣೆಗಳನ್ನೂ ಒಂದೇ ಜಾಗದಲ್ಲಿ ಗಂಟಾಗಿಸದೆ ಹಿಂದೆ ಮುಂದೆ ಮಾಡಬೇಕು. ಬೆಸುಗೆ ಹಾಕಿದರೆ ತಪ್ಪಿಲ್ಲ, ಆದರೆ ಬೆಸುಗೆ ಹರಿದು ಗಟ್ಟಿಯಾದ ಅಂಚಿನಲ್ಲಿ ವೈರ್ ಕಂಪನಕ್ಕೆ ಮುರಿಯುವುದರಿಂದ ಅದಕ್ಕೆ ಎರಡೂ ಬದಿಯಲ್ಲಿ ಆಧಾರ ಬೇಕು. ಎಲ್ಲ ಮುಗಿದ ಮೇಲೆ ಸುರುಳಿ ಪೈಪ್ ಅಥವಾ ಬಟ್ಟೆಯ ಟೇಪಿನ ಹೊದಿಕೆ ಬಂದು, ವೈರ್ ತನ್ನ ಹಳೆಯ ದಾರಿಯಲ್ಲೇ ಕ್ಲಿಪ್ಪಿಗೆ ಕೂರಬೇಕು. ಒಂದಕ್ಕೊಂದು ಹೆಣೆದುಕೊಂಡಿರುವ ವೈರುಗಳ ಜೋಡಿ ಕಂಡರೆ ಅದು ಕಂಪ್ಯೂಟರುಗಳ ನಡುವಿನ ಸಂವಹನದ ದಾರಿಯಾಗಿರುವ ಸಾಧ್ಯತೆ ಹೆಚ್ಚು. ರಿಪೇರಿಯಲ್ಲಿ ಆ ಹೆಣಿಗೆಯನ್ನು ಉದ್ದಕ್ಕೂ ಬಿಡಿಸಿಬಿಟ್ಟರೆ ಹೊಸ ತೊಂದರೆಗಳು ಹುಟ್ಟುತ್ತವೆ.

ಮಲ್ಟಿಮೀಟರಿನ ಕಂಟಿನ್ಯುಟಿ ಶಬ್ದ ಬಂದಿತು ಎಂಬ ಕಾರಣಕ್ಕೆ ವೈರ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಪದೇ ಪದೇ ಆಗುವ ತಪ್ಪು. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ, ಕರೆಂಟ್ ಹರಿಯಬೇಕಾದಾಗ ಮಾತ್ರ ಆ ಎಳೆ ಸಾಲದು. ವೈರನ್ನು ಅದರಲ್ಲಿ ಕರೆಂಟ್ ಹರಿಯುತ್ತಿರುವಾಗಲೇ ಪರೀಕ್ಷಿಸಬೇಕು. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುಭ್ರವಾದ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 0.5 ದಾಟಿದರೆ ಅರ್ತ್ ಪಟ್ಟಿ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಹೆಡ್‌ಲೈಟ್ ಉರಿಯುತ್ತಿರುವಾಗ ಇದೇ ರೀತಿ ಬಲ್ಬಿನ ಅರ್ತ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ, ಆಮೇಲೆ ಬ್ಯಾಟರಿ ಪಾಸಿಟಿವ್ ಮತ್ತು ಬಲ್ಬಿನ ಪಾಸಿಟಿವ್ ಪಿನ್ ನಡುವೆ ಅಳೆಯಿರಿ. ನಿಮ್ಮ ಮಂಕು ಬೆಳಕಿಗೆ ಕಾರಣ ಯಾವ ಬದಿಯಲ್ಲಿದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಜೊತೆಗೆ ಬ್ಯಾಟರಿ ವೋಲ್ಟೇಜನ್ನೂ ನೋಡಿಬಿಡಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ತಿರುಗುವ ಭಾಗಗಳಿಂದ ಕೈ ದೂರವಿಟ್ಟು, ರಿಪೇರಿಯಾದ ವೈರ್ ಗೊಂಚಲನ್ನು ಮೆಲ್ಲಗೆ ಅಲುಗಾಡಿಸಿದಾಗ ಎಂಜಿನ್ ತಡವರಿಸಿದರೆ ದೋಷದ ಜಾಗ ಸಿಕ್ಕಿತು ಎನ್ನಬಹುದು.

ಫ್ಯೂಸ್ ಬಾಕ್ಸನ್ನು ಕಡ್ಡಾಯವಾಗಿ ತೆರೆಸಿ ನೋಡಿ. ಪದೇ ಪದೇ ಫ್ಯೂಸ್ ಹೋಗುತ್ತಿತ್ತು ಎಂದು 10 ಆಂಪಿಯರಿನ ಕೆಂಪು ಫ್ಯೂಸ್ ಇರಬೇಕಾದಲ್ಲಿ 30 ಆಂಪಿಯರಿನ ಹಸಿರು ಫ್ಯೂಸ್ ಹಾಕಿರುವುದು, ಅದಕ್ಕಿಂತ ಕೆಟ್ಟದಾಗಿ ತಾಮ್ರದ ಎಳೆ ಸುತ್ತಿರುವುದು ಕಾಣಸಿಗುತ್ತದೆ. ಆಗ ಫ್ಯೂಸ್ ಉಳಿಯುತ್ತದೆ, ವೈರ್ ಉರಿಯುತ್ತದೆ. ಇಂಥದ್ದು ಕಂಡರೆ ಆ ಗಾಡಿಯಲ್ಲಿ ಮನೆಗೂ ಹೋಗಬೇಡಿ. ಇಲಿ ಕಡಿದ ಗಾಡಿಯಲ್ಲಿ ಇನ್ನೊಂದು ಅಪಾಯವೂ ಇದೆ: ಅವು ವೈರ್ ಮಾತ್ರವಲ್ಲ, ಇಂಧನದ ರಬ್ಬರ್ ಪೈಪನ್ನೂ ಕಡಿಯುತ್ತವೆ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡಿದೆಯೇ ಎಂದೂ ನೋಡಿಸಿ. ಪೂರ್ತಿ ವೈರಿಂಗ್ ಸೆಟ್ ಬದಲಾಯಿಸುವ ಖರ್ಚು ಎಲ್ಲರಿಗೂ ಅಗತ್ಯವಿಲ್ಲ. ಆದರೆ ಏರ್‌ಬ್ಯಾಗಿನ ವೈರ್ ಕಡಿದಿದ್ದರೆ ಅದನ್ನು ಜೋಡಿಸಿ ಬಳಸುವ ಸಾಹಸ ಬೇಡ, ಕಂಪನಿಯ ಅಧಿಕೃತ ಕ್ರಮದಂತೆಯೇ ಮಾಡಿಸಿ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಟೈಮಿಂಗ್ ಬೆಲ್ಟ್ ಹಾಕಿಸಿದ ಮರುದಿನವೇ ಎಂಜಿನ್ ಲ್ಯಾಂಪ್ ಬಂತು. ಸ್ಕ್ಯಾನರಿನಲ್ಲಿ ಪಿ 0016 ಎಂಬ ಕೋಡ್ ಇದೆ. ವೈರಿಂಗ್ ಸಮಸ್ಯೆ, ಓಡಿಸುತ್ತಾ ಇರಿ, ಆಮೇಲೆ ನೋಡೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರು, ಮಂಗಳೂರು

ಉತ್ತರ: ಒಪ್ಪಬೇಡಿ, ಓಡಿಸಲೂ ಬೇಡಿ. ಕ್ರ್ಯಾಂಕ್ ಸೆನ್ಸರಿನ ಸಂಕೇತವೂ ಕ್ಯಾಮ್ ಸೆನ್ಸರಿನ ಸಂಕೇತವೂ ಕಂಪ್ಯೂಟರನ್ನು ತಲುಪುತ್ತಿವೆ, ಆದರೆ ಅವೆರಡರ ನಡುವಿನ ಹೊಂದಾಣಿಕೆ ತಪ್ಪಿದೆ ಎಂದು ಈ ಕೋಡ್ ಹೇಳುತ್ತದೆ. ವೈರ್ ತುಂಡಾಗಿದ್ದರೆ ಅಥವಾ ಕಪ್ಲರ್ ಕಳಚಿದ್ದರೆ ಸಂಕೇತವೇ ಬಾರದೆ ಸಾಮಾನ್ಯವಾಗಿ ಕ್ರ್ಯಾಂಕ್ ಸೆನ್ಸರಿಗೆ ಪಿ 0335, ಕ್ಯಾಮ್ ಸೆನ್ಸರಿಗೆ ಪಿ 0340 ಎಂಬ ಕೋಡುಗಳು ಕಾಣಿಸಿಕೊಳ್ಳಬೇಕಿತ್ತು. ಅವು ಇಲ್ಲದೆ ಪಿ 0016 ಮಾತ್ರ, ಅದೂ ಬೆಲ್ಟ್ ಕೆಲಸದ ಮರುದಿನವೇ ಬಂದಿದೆ ಎಂದರೆ ಮೊದಲು ಶಂಕಿಸಬೇಕಾದುದು ಬೆಲ್ಟ್ ಕೂರಿಸಿದ ರೀತಿಯನ್ನು. ಕವರ್ ಬಿಚ್ಚಿ, ಎರಡು ಸುತ್ತು ಕೈಯಿಂದ ತಿರುಗಿಸಿ, ಗುರುತುಗಳನ್ನು ನಿಮ್ಮ ಕಣ್ಣೆದುರಿಗೇ ತೋರಿಸಲಿ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಅಥವಾ ಕ್ಯಾಮ್ ಪುಲ್ಲಿ, ಅದರ ಸ್ಥಾನ ಹಿಡಿದಿಡುವ ಲೋಹದ ತುಂಡು (ಕೀ) ಇಲ್ಲದೆ ಬೋಲ್ಟಿನ ಬಿಗಿತದಿಂದ ಮಾತ್ರ ನಿಂತಿರುತ್ತದೆ; ಅಂಥಲ್ಲಿ ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟನ್ನು ಮತ್ತೆ ಬಳಸಿದ್ದರೆ, ಅಥವಾ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಬಳಸದೆ ಅಂದಾಜಿನಲ್ಲಿ ಬಿಗಿದಿದ್ದರೆ ಪುಲ್ಲಿ ಜಾರಿರಬಹುದು.

ಗುರುತುಗಳು ಕೂದಲೆಳೆಯಷ್ಟೂ ತಪ್ಪಿಲ್ಲ ಎಂದಾದರೆ ಆಗ ವೈರಿಂಗ್ ಕಡೆಗೆ ಬರಬಹುದು. ಕ್ರ್ಯಾಂಕ್ ಸೆನ್ಸರ್ ಸರಿಯಾಗಿ ಕೂತಿದೆಯೇ, ಅದರ ಮೂತಿಗೆ ಲೋಹದ ಪುಡಿ ಅಂಟಿದೆಯೇ, ಅದರ ವೈರಿನ ಹೊರಗವಸು ಹರಿದಿದೆಯೇ, ಸೆನ್ಸರ್ ಓದುವ ಹಲ್ಲಿನ ಚಕ್ರಕ್ಕೆ ಪೆಟ್ಟಾಗಿದೆಯೇ ಎಂದು ನೋಡಬೇಕು. ನಿಮ್ಮ ಎಂಜಿನ್ನಿನಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆಯಿದ್ದರೆ ಅದರ ಆಯಿಲ್ ವಾಲ್ವ್ ಸಿಕ್ಕಿಕೊಂಡರೂ ಇದೇ ಕೋಡ್ ಬರುತ್ತದೆ. ಸಂಕೇತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಇರುವ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಎರಡು ಸೆನ್ಸರುಗಳ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು, ಅದೇ ಮಾಡೆಲಿನ ಸುಸ್ಥಿತಿಯ ಎಂಜಿನ್ನಿನ ಅಲೆಗಳೊಂದಿಗೆ ಹೋಲಿಸಬಹುದು. ಏನನ್ನೂ ಬಿಚ್ಚದೆ ಬೆಲ್ಟ್ ಮತ್ತು ವೈರಿಂಗ್ ದೋಷಗಳನ್ನು ಬೇರ್ಪಡಿಸಲು ಇಷ್ಟು ಸೊಗಸಾದ ಪರೀಕ್ಷೆ ಇನ್ನೊಂದಿಲ್ಲ. ಕೋಡ್ ಅಳಿಸಿ ಕಳುಹಿಸುವುದು ಮಾತ್ರ ಪರಿಹಾರವಲ್ಲ.

ಪ್ರಶ್ನೆ: ನಮ್ಮ 2.5 ಲೀಟರ್ ಡೀಸೆಲ್ ಇನ್ನೋವಾದಲ್ಲಿ ಟಿ-ಬೆಲ್ಟ್ ಎಂಬ ದೀಪ ಉರಿದಿತ್ತು, ಈಗ ಆರಿದೆ. ಬೆಲ್ಟ್ ಸರಿಯಾಯಿತು ಎಂದು ತಿಳಿಯಬಹುದೇ?
– ಓದುಗರು, ಕಲಬುರಗಿ

ಉತ್ತರ: ತಿಳಿಯಬಾರದು. ಆ ದೀಪಕ್ಕೆ ಬೆಲ್ಟಿನ ಸ್ಥಿತಿ ಗೊತ್ತಿಲ್ಲ. ನಿಗದಿತ ಕಿಲೋಮೀಟರ್ ಓಡಿದ ಮೇಲೆ ಅದು ಉರಿಯುತ್ತದೆ, ಯಾರಾದರೂ ಕೈಯಿಂದ ರೀಸೆಟ್ ಮಾಡಿದರೆ ಆರುತ್ತದೆ. ಬೆಲ್ಟ್ ಬದಲಾಯಿಸದೆಯೂ ರೀಸೆಟ್ ಮಾಡಬಹುದು. ನಿಮ್ಮ ಗಾಡಿಯನ್ನು ಚಾಲಕರೊಬ್ಬರು ನೋಡಿಕೊಳ್ಳುತ್ತಿದ್ದರೆ ಅವರನ್ನೂ, ಕೊನೆಯ ಸರ್ವಿಸ್ ಮಾಡಿದ ಗ್ಯಾರೇಜನ್ನೂ ಕೇಳಿ, ಬಿಲ್ಲಿನಲ್ಲಿ ಟೈಮಿಂಗ್ ಬೆಲ್ಟಿನ ಪಾರ್ಟ್ ನಂಬರ್ ಇದೆಯೇ ನೋಡಿ. ಇಲ್ಲದಿದ್ದರೆ ಬದಲಾಯಿಸಿ.

ಪ್ರಶ್ನೆ: ಐದು ತಿಂಗಳ ಹಿಂದೆ ಟೈಮಿಂಗ್ ಬೆಲ್ಟ್ ಹಾಕಿಸಿದ್ದೆ. ಕಳೆದ ವಾರ ಹೆದ್ದಾರಿಯಲ್ಲಿ ಎಂಜಿನ್ ಒಮ್ಮೆಲೇ ನಿಂತಿತು. ಸೆಲ್ಫ್ ಹೊಡೆದರೆ ಯಾವ ತಡೆಯೂ ಇಲ್ಲದೆ ವೇಗವಾಗಿ ತಿರುಗಿತು. ಬೆಲ್ಟ್ ತುಂಡಾಗಿದೆ, ವಾಲ್ವ್ ಬಾಗಿವೆ ಎಂದು ಬೇರೆ ಗ್ಯಾರೇಜಿನವರು ಹೇಳಿದರು. ಬೆಲ್ಟ್ ಹಾಕಿದವರು ನಮ್ಮ ಜವಾಬ್ದಾರಿಯಲ್ಲ ಎನ್ನುತ್ತಿದ್ದಾರೆ. ಇನ್ಷೂರೆನ್ಸ್ ಸಿಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮಗಾದ ನಷ್ಟಕ್ಕೆ ನಿಜಕ್ಕೂ ಬೇಸರವಾಗಿದೆ. ಸೆಲ್ಫ್ ಹಗುರವಾಗಿ ತಿರುಗಿದ್ದು ಸಿಲಿಂಡರಿನಲ್ಲಿ ಗಾಳಿಯ ಒತ್ತಡ (ಕಂಪ್ರೆಷನ್) ಇಲ್ಲದ್ದರಿಂದ. ಬೇರೆ ಓದುಗರಿಗೂ ಹೇಳುವುದೇನೆಂದರೆ, ಓಡುತ್ತಾ ನಿಂತ ಎಂಜಿನ್ ಹೀಗೆ ತಿರುಗಿದರೆ ಎರಡನೆಯ ಬಾರಿ ಸೆಲ್ಫ್ ಹೊಡೆಯದೆ, ತಳ್ಳಿ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಬೇಕು.

ಇನ್ಷೂರೆನ್ಸ್ ವಿಷಯದಲ್ಲಿ ಹೆಚ್ಚಿನ ಆಸೆ ಬೇಡ. ನಮ್ಮ ದೇಶದ ಸಾಮಾನ್ಯ ಮೋಟಾರ್ ಪಾಲಿಸಿಗಳು ಸವೆತ, ಯಾಂತ್ರಿಕ ಹಾಗೂ ವಿದ್ಯುತ್ ಭಾಗಗಳ ವೈಫಲ್ಯ, ಅವುಗಳಿಂದ ಆಗುವ ಮುಂದಿನ ನಷ್ಟ ಇವನ್ನು ಹೊರಗಿಟ್ಟಿವೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯೂ ಮುಖ್ಯವಾಗಿ ನೀರು ನುಗ್ಗಿದ, ಆಯಿಲ್ ಸೋರಿದ ಸಂದರ್ಭಗಳಿಗೆ ಸಂಬಂಧಿಸಿದ್ದು. ನಿಮ್ಮ ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ ನೋಡಿ.

ನಿಮ್ಮ ಬಲವಿರುವುದು ತುಂಡಾದ ಬೆಲ್ಟಿನಲ್ಲಿ. ಅದನ್ನು, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಸಹಿತ ಗ್ಯಾರೇಜಿನಿಂದ ಪಡೆದು ಚೀಲದಲ್ಲಿ ಕಟ್ಟಿಡಿ, ಬಿಚ್ಚುವ ಪ್ರತಿ ಹಂತದ ಫೋಟೊ ತೆಗೆಸಿ. ಬೆಲ್ಟ್ ಚಾಕುವಿನಿಂದ ಕೊಯ್ದಂತೆ ನೇರ ಗೆರೆಯಲ್ಲಿ ತುಂಡಾಗಿದ್ದರೆ ಕೂರಿಸುವ ಮೊದಲೋ ಕೂರಿಸುವಾಗಲೋ ಮಡಚಿ ಎಳೆ ಮುರಿದಿರುವ ಸಾಧ್ಯತೆ ಹೆಚ್ಚು. ಒಂದು ಅಂಚು ಮಾತ್ರ ತಿಂದುಹೋಗಿದ್ದರೆ ಪುಲ್ಲಿ ಅಥವಾ ಟೆನ್ಷನರ್ ನೇರವಾಗಿ ಕೂತಿರಲಿಲ್ಲ. ಒಂದೆಡೆ ಸಾಲಾಗಿ ಹಲ್ಲುಗಳು ಕಿತ್ತಿದ್ದರೆ ಬಿಗಿತ ಕಡಿಮೆಯಿತ್ತು, ಇಲ್ಲವೇ ಪಂಪ್ ಅಥವಾ ಕ್ಯಾಮ್ ಹಿಡಿದುಕೊಂಡಿತ್ತು. ಪಂಪನ್ನು ಕೈಯಿಂದ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಹಲ್ಲುಗಳು ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ತಗುಲಿದೆ, ಸೋರುವ ಸೀಲನ್ನು ನೋಡಿಯೂ ಬಿಟ್ಟಿದ್ದಾರೆ. ಈ ಲಕ್ಷಣಗಳನ್ನು ಈಗಿನ ಗ್ಯಾರೇಜಿನವರಿಂದ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಹೆಡ್ ಕೆಲಸ ಶುರುಮಾಡುವ ಮೊದಲು ಬೆಲ್ಟ್ ಹಾಕಿದವರಿಗೆ ಲಿಖಿತ ನೋಟಿಸ್ ಕೊಟ್ಟು, ಬಂದು ನೋಡಲು ಒಂದು ದಿನ ಗೊತ್ತುಪಡಿಸಿ. ಸಾಕ್ಷಿ ಮುಚ್ಚಿಹೋಯಿತು ಎಂದು ಆಮೇಲೆ ಅವರು ಹೇಳುವಂತಾಗಬಾರದು.

ಅವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದೂ ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ನಿಯಮವೂ ಇಲ್ಲ. ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಬೆಲ್ಟ್ ಹಾಕಿಸಿದಾಗಿನ ಬಿಲ್, ಆಗಿನ ಮತ್ತು ಈಗಿನ ಕಿಲೋಮೀಟರ್, ಫೋಟೊಗಳು, ಗ್ಯಾರೇಜಿನ ಬರಹ, ರಿಪೇರಿಯ ಅಂದಾಜು ಪಟ್ಟಿ, ನೋಟಿಸಿನ ಪ್ರತಿ ಮತ್ತು ಅದನ್ನು ಕಳುಹಿಸಿದ ಅಂಚೆ ರಸೀದಿಯನ್ನು ಲಗತ್ತಿಸಿ. ಹಳೆಯ ಭಾಗಗಳನ್ನು ಪ್ರಕರಣ ಮುಗಿಯುವವರೆಗೆ ಯಾರಿಗೂ ಕೊಡಬೇಡಿ.